ಕೆನ್ನೆಯೊಳಗಿನ ಗುಂಡು

ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವನು. ಇದನ್ನು ಬಲಗೈಯಲ್ಲೇ ಬರೆಯುತ್ತಾ ಇದ್ದೇನೆ. ಬಲಗೈಯಲ್ಲೇ ಎಂದು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಹೋದ ವರ್ಷ ಇಷ್ಟು ಹೊತ್ತಿಗೆ ಈ ಕೈ ಒಂದು ಕಾಫಿ ಲೋಟ ಎತ್ತುತ್ತಿರಲಿಲ್ಲ. ಅಕ್ಷರ ಸೊಟ್ಟಗಿವೆ, ಕಾಗುಣಿತ ತಪ್ಪಿದ ಕಡೆ ನನ್ನ ಸೊಸೆ ಸವಿತ ತಿದ್ದಿದ್ದಾಳೆ. ಸಂತೋಷ ಹೆಚ್ಚಾಗಿ ಎರಡೆರಡು ಸಲ ಬರೆದಿದ್ದರೆ ಅದನ್ನು ಮಾತ್ರ ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ. ನನ್ನ ಹಾಗೆ ಹೊಟ್ಟೆ ಹಿಡಿದುಕೊಂಡು, ಯಾವ ರೋಗ ಎಂದು ಯಾರಿಗೂ ಗೊತ್ತಾಗದೆ, ಆಸ್ಪತ್ರೆಯ ಬೆಂಚಿನಿಂದ ಬೆಂಚಿಗೆ ಸರಿಯುತ್ತಾ ಕೂತವರು ಎಲ್ಲೋ ಇರುತ್ತಾರೆ. ಅವರ ಪಕ್ಕ ಒಬ್ಬ ಮುದುಕ ಬಂದು ಕೂತ ಹಾಗೆ ಆಗಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿ. ರಾಗಿ, ಜೋಳ, ಹೊಗೆಸೊಪ್ಪು. ಬೆಳೆ ಕಾಯುವುದಕ್ಕೆ ನಮ್ಮಪ್ಪನ ಕಾಲದಿಂದ ಲೈಸೆನ್ಸ್ ಇರುವ ಒಂಟಿ ನಳಿಗೆಯ ಕೇಪಿನ ಕೋವಿ ಮನೆಯಲ್ಲಿದೆ. ಇದಕ್ಕೆ ನಳಿಗೆಯ ಬಾಯಿಂದಲೇ ಮದ್ದು ಸುರಿಯಬೇಕು, ತೆಂಗಿನ ನಾರು ತುರುಕಬೇಕು, ಸೀಸದ ಗುಂಡು ಬಿಡಬೇಕು, ಗಜ ಎನ್ನುವ ಉದ್ದನೆ ಕಂಬಿಯಿಂದ ಜಡಿಯಬೇಕು, ಆಮೇಲೆ ಹಿಂದುಗಡೆ ಕಿಡಿ ಹೊತ್ತಿಸುವ ಕೇಪು ಇಡಬೇಕು. ಇಷ್ಟು ಮಾಡುವಷ್ಟರಲ್ಲಿ ಹಂದಿ ಪಕ್ಕದ ಊರಿನ ಹೊಲ ಸೇರಿರುತ್ತದೆ. ನಿಜ ಹೇಳಬೇಕೆಂದರೆ ನಾನು ಹಂದಿ ಹೆದರಿಸಿದ್ದು ಕಡಿಮೆ, ತೆಂಗಿನಕಾಯಿ ಒಡೆದದ್ದೇ ಜಾಸ್ತಿ.

ತೆಂಗಿನಕಾಯಿಗೆ ಗುಂಡು ಹೊಡೆಯುವುದು ನಮ್ಮ ಗಡಿ ಕಡೆಯ ಆಟ. ಆಯುಧಪೂಜೆ ಕಳೆದ ಮೇಲೆ ಪೊಲೀಸರ ಒಪ್ಪಿಗೆ ಪಡೆದು ಗೋಮಾಳದಲ್ಲಿ ಬಿದಿರಿನ ಗಳು ನೆಟ್ಟು ತುದಿಗೆ ಕಾಯಿ ಕಟ್ಟುತ್ತಾರೆ. ಹಿಂದೆ ದೊಡ್ಡ ಮಣ್ಣಿನ ದಿಬ್ಬ. ಕೊಡಗಿನವರೂ ಬರುತ್ತಾರೆ. ಹಿಂದಿನಿಂದ ತೋಟೆ ತುಂಬುವ ಅವರ ಕೋವಿಗೆ ಒಂದು ಸಾಲು, ನಮ್ಮ ಕೇಪಿನ ಕೋವಿಗೆ ಒಂದು ಸಾಲು. ನಮ್ಮ ಸಾಲಿನ ನಿಯಮ ಇಷ್ಟೇ. ತಮಟೆ ಬಡಿಯುತ್ತಿರುವಾಗಲೇ ಮೂರು ಸಲ ಜಡಿದು ಮೂರು ಸಲ ಹೊಡೆಯಬೇಕು. ಜೇಬಿನಲ್ಲಿ ಗುಂಡು ತಡಕುತ್ತಾ ನಿಂತರೆ ತಮಟೆ ನಿಂತುಹೋಗುತ್ತದೆ. ಅದಕ್ಕೇ ನಾವೆಲ್ಲ ಗುಂಡನ್ನು ಬಾಯಲ್ಲಿ ಇಟ್ಟುಕೊಳ್ಳುವವರು. ಕಡಲೆಕಾಳಿನ ಗಾತ್ರದವು, ಸಲಕ್ಕೆ ಮೂರರಂತೆ ಒಂಬತ್ತು. ಅಂಗೈಗೆ ಉಗಿದು ನಳಿಗೆಗೆ ಬಿಡುವುದು. ಕಾಯಿ ಚೂರಾದಾಗ ಸಂತೋಷಕ್ಕೆ ಕೂಗಿ ಒಂದೆರಡು ಗಂಟಲಿಗೆ ಇಳಿದದ್ದೂ ಉಂಟು. ಇಳಿದದ್ದು ಆಚೆ ಹೋಗುತ್ತದೆ ಎಂದು ನಗುತ್ತಿದ್ದೆವು.

ಹುಣಸೂರಿನಲ್ಲಿ ಕೋವಿ ರಿಪೇರಿ ಮಾಡುವ ಅಜೀಜ್ ಸಾಬರು ನನ್ನ ಹಳೆಯ ಗೆಳೆಯ. ಅವರೊಬ್ಬರೇ ಇದನ್ನು ಒಪ್ಪುತ್ತಿರಲಿಲ್ಲ.

"ಗೌಡ್ರೆ, ಸೊಂಟಕ್ಕೆ ಒಂದು ಚೀಲ ಕಟ್ಕೊಳ್ರಿ. ಬಾಯಿ ಕೊಟ್ಟಿರೋದು ಬಿರಿಯಾನಿಗೆ."

"ನಿನ್ ಚೀಲದ ದಾರ ಬಿಚ್ಚೋವಷ್ಟೊತ್ಗೆ ಕಾಯಿ ಮೊಳಕೆ ಒಡ್ದಿರ್ತದೆ ಕಣ್ ಸಾಬ್ರೆ" ಅನ್ನುತ್ತಿದ್ದೆ.

ವರ್ಷಕ್ಕೆ ಒಂದೆರಡು ಸಲದ ಆಟವಾಗಿ ಇದ್ದಿದ್ದರೆ ಬಹುಶಃ ಹೇಗೋ ಸಾಗುತ್ತಿತ್ತು. ಅಷ್ಟರಲ್ಲಿ ಗಾನವಿ ಹುಟ್ಟಿದಳು.

ಮೊಮ್ಮಗಳು. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಹೆಣ್ಣುಮಗು ಹುಟ್ಟಿರಲಿಲ್ಲ. ನನ್ನ ಮಗ ಲೋಕೇಶ ಹಾಲಿನ ವ್ಯಾನು ಓಡಿಸುತ್ತಾನೆ, ಅವನು ಬೆಳಿಗ್ಗೆ ಹೋದರೆ ಮಗು ಪೂರ್ತಿ ನನ್ನದು. ಆ ಪಾದ, ಆ ಬೆರಳು, ಸೀನಿದ ಮೇಲೆ ತಾನೇ ಬೆಚ್ಚಿಬೀಳುವುದು. ಬರೆಯುತ್ತಾ ಕೂತರೆ ಅವಳದೇ ಒಂದು ಪುಸ್ತಕವಾಗುತ್ತದೆ. ಐದು ತಿಂಗಳಾಗಿದ್ದಾಗ ಒಂದು ದಿನ ಕೆನ್ನೆಗೆ ಮುತ್ತು ಕೊಡುತ್ತಿದ್ದೆ, ಸವಿತ ಬಂದು ಮಗುವನ್ನು ಎತ್ತಿಕೊಂಡಳು.

"ಮಾವ, ಕಡ್ಡಿಪುಡಿ ಬಾಯಲ್ಲಿ ಮುತ್ತು ಕೊಡ್ಬೇಡಿ. ಇವಳು ಬೇಕೋ ಹೊಗೆಸೊಪ್ಪು ಬೇಕೋ, ಒಂದು ಹೇಳ್ಬುಡಿ."

ಅವಳು ಹೇಳಿದ್ದು ಸರಿ. ನಲವತ್ತು ವರ್ಷದ ಹೊಗೆಸೊಪ್ಪನ್ನು ಅವತ್ತೇ ಬಿಟ್ಟೆ. ಬೆಳೆಯುವವನಿಗೆ ಬಿಡುವುದು ಎಷ್ಟು ಕಷ್ಟ ಎಂದು ನಮ್ಮ ಕಡೆಯವರಿಗೆ ಗೊತ್ತು, ಬ್ಯಾರನ್ ಮನೆಯಲ್ಲಿ ಸೊಪ್ಪು ಬೇಯಿಸುವ ವಾಸನೆ ಬಂದರೆ ಕೆನ್ನೆಯೊಳಗೆ ನೀರೂರುತ್ತದೆ. ಖಾಲಿ ಕೆನ್ನೆ ಇಟ್ಟುಕೊಂಡು ಹುಚ್ಚನ ಹಾಗೆ ತಿರುಗಿದೆ. ಆಮೇಲೊಂದು ದಿನ ಬಚ್ಚಲೊಲೆಯ ಮುಂದೆ ಸೀಸ ಕರಗಿಸಿ ಗುಂಡು ಎರೆಯುತ್ತಿದ್ದೆ. ಆರಿದ ಒಂದು ಗುಂಡನ್ನು ಸುಮ್ಮನೆ ಕೆನ್ನೆಗೆ ಹಾಕಿಕೊಂಡೆ. ತಣ್ಣಗಿತ್ತು, ನುಣ್ಣಗಿತ್ತು, ಸ್ವಲ್ಪ ಸಿಹಿ ಎನ್ನಿಸಿತು. ಹೊಗೆಸೊಪ್ಪಿನ ಜಾಗಕ್ಕೆ ಅದು ಸರಿಯಾಗಿ ಕೂತಿತು.

ಎರಡು ವರ್ಷ ಅದು ಅಲ್ಲೇ ಇತ್ತು. ಊಟಕ್ಕೆ ತೆಗೆದು ತಟ್ಟೆಯ ಅಂಚಿಗೆ ಇಡುತ್ತಿದ್ದೆ, ಕೈ ತೊಳೆದು ಮತ್ತೆ ಹಾಕಿಕೊಳ್ಳುತ್ತಿದ್ದೆ. ಸವೆದರೆ ಹೊಸದು. ಹೊಗೆಸೊಪ್ಪಿಗಿಂತ ವಾಸಿ ಎಂದು ಮನೆಯಲ್ಲೂ ಯಾರೂ ಬೇಡ ಅನ್ನಲಿಲ್ಲ. ನನ್ನ ಬಾಯಲ್ಲಿ ವಾಸನೆ ಇಲ್ಲ, ಕೆಂಪಿಲ್ಲ. ಸವಿತ ಅಕ್ಕಪಕ್ಕದವರಿಗೆಲ್ಲ "ನಮ್ಮ ಮಾವ ಮಗುಗೋಸ್ಕರ ಬಿಟ್ರು" ಎಂದು ಹೇಳಿಕೊಂಡು ಬಂದಳು. ಅದೇ ಬಾಯಲ್ಲಿ ಮಗುವಿಗೆ ಮುತ್ತು. ಅದೇ ಬಾಯಲ್ಲಿ ಹುರಿಗಡಲೆ ಜಗಿದು ಮೆತ್ತಗೆ ಮಾಡಿ ಮಗುವಿನ ಬಾಯಿಗೆ. ಸೀಸ ಕರಗುವುದನ್ನು ನೋಡಿ "ಬೆಳ್ಳಿ, ಬೆಳ್ಳಿ" ಎಂದು ಕುಣಿಯುತ್ತಿದ್ದಳು, ತೊಡೆ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದೆ.

ಮೊದಲು ಬಂದದ್ದು ಹೊಟ್ಟೆನೋವು. ಒದ್ದೆ ಬಟ್ಟೆ ಹಿಂಡಿದ ಹಾಗೆ ಕರುಳನ್ನು ಯಾರೋ ಹಿಂಡುವುದು. ನಾಲ್ಕು ದಿನವಾದರೂ ಕಕ್ಕಸು ಆಗದು. ಬಾಯಿ ರುಚಿ ಸತ್ತುಹೋಯಿತು, ಮುಖ ಬಿಳುಚಿಕೊಂಡಿತು. ಕೆ.ಆರ್. ನಗರದಲ್ಲಿ ಒಬ್ಬರು ಡಾಕ್ಟರು ಗ್ಯಾಸ್ ಎಂದು ಗುಳಿಗೆ ಕೊಟ್ಟರು. ನನ್ನ ಹೆಂಡತಿ ಜಯಮ್ಮ ಬಟ್ಟಿ ಜಾರಿದೆ, ಹೊಕ್ಕುಳು ಜಾಗ ತಪ್ಪಿದೆ ಎಂದು ತೀರ್ಮಾನ ಮಾಡಿ ಅಂತರಸಂತೆಯ ಸಂತೆ ದಿನ ಅಲ್ಲಿಗೆ ಕರೆದುಕೊಂಡು ಹೋದಳು. ಅಲ್ಲೊಬ್ಬ ಅಜ್ಜಿ ಹರಳೆಣ್ಣೆ ಹಚ್ಚಿ ಹೊಕ್ಕುಳ ಸುತ್ತ ತಿಕ್ಕಿದಳು. "ಏಳ್ ಬಟ್ಟಿ ಜಾರದೆ ಕಣಪ್ಪ, ನಿಂಗೆ ಒಂದಲ್ಲ" ಎಂದಳು. ಪ್ರಾಣ ಹೋಗುವಷ್ಟು ನೋವಿನಲ್ಲಿ ನಗು ಬಂತು.

ಆಮೇಲೆ ಕೈ ಹೋಯಿತು. ಆ ವರ್ಷದ ತೆಂಗಿನಕಾಯಿ ಆಟದ ದಿನ. ತಮಟೆ ಶುರುವಾಯಿತು, ಮದ್ದು ಸುರಿದೆ, ನಾರು ತುರುಕಿದೆ. ಗಜ ಎತ್ತಬೇಕು, ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿತ್ತು. ಬೆರಳು ಮಡಚುತ್ತವೆ, ಅಂಗೈ ಮೇಲೆ ಏಳುವುದಿಲ್ಲ. ಬಾಡಿದ ಹೊಗೆಸೊಪ್ಪಿನ ಎಲೆ ದಂಟಿನಿಂದ ಇಳಿಬಿದ್ದ ಹಾಗೆ. ಎಡಗೈಯಿಂದ ಎತ್ತಿ ಹಿಡಿದೆ, ಬಿಟ್ಟ ತಕ್ಷಣ ಮತ್ತೆ ಬಿತ್ತು. ತಮಟೆ ಬಡಿಯುತ್ತಲೇ ಇತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಲೋ, ಗೌಡ್ರಿಗೆ ಲಕ್ವ ಒಡೀತು ಕಣ್ರೋ!" ಎಂದು ಯಾರೋ ಕೂಗಿದರು. ತಮಟೆ ನಿಂತಿತು.

ಲಕ್ವ ಎಂದೇ ಎಲ್ಲರೂ ನಂಬಿದೆವು. ಎಣ್ಣೆ ಬಂತು, ಪಾರಿವಾಳದ ಸಾರು ಬಂತು, ಬಳಗದವರು ಬಂದು "ಎಂಗಿದ್ದ ಆಳು ಎಂಗಾದ" ಎಂದು ನನ್ನ ಮುಂದೆಯೇ ಹೇಳಿ ಕಾಫಿ ಕುಡಿದು ಹೋದರು. ನಾನು ಮಾತ್ರ ಕೂತಲ್ಲೇ. ಅಂಗಿ ಗುಂಡಿ ಜಯಮ್ಮ ಹಾಕಬೇಕು. ಅನ್ನ ಅವಳೇ ಕಲಸಿ ತಿನ್ನಿಸಬೇಕು. ಒಂದು ಸಲ ಬಚ್ಚಲಲ್ಲಿ ಚಡ್ಡಿ ಲಾಡಿ ಬಿಚ್ಚಲಾಗದೆ, ಕರೆಯುವುದಕ್ಕೆ ನಾಚಿ, ಅಲ್ಲೇ ಒದ್ದೆ ಮಾಡಿಕೊಂಡು ನಿಂತೆ. ಜಯಮ್ಮ ಬಂದಳು, ನೋಡಿದಳು, ಬಿಸಿನೀರು ತೋಡಿದಳು.

ಅದನ್ನೂ ತಡೆದುಕೊಂಡೆ. ಆದರೆ ಒಂದು ಸಂಜೆ ಗಾನವಿ ಓಡಿಬಂದು "ತಾತ, ಎತ್ಕೋ" ಎಂದು ಎರಡೂ ಕೈ ಚಾಚಿದಳು. ಆಗ ಎರಡು ವರ್ಷ ದಾಟಿತ್ತು ಅವಳಿಗೆ. ಕೈಯಲ್ಲಿ ಬಲವಿಲ್ಲ ಎನ್ನುವುದು ಆಸೆಯಲ್ಲಿ ಮರೆತುಹೋಯಿತು. ಎತ್ತಿದೆ. ಎದೆಯ ಮಟ್ಟಕ್ಕೆ ಬಂದಿದ್ದಳು, ಬಲಗೈ ಕೆಳಕ್ಕೆ ಮಡಚಿತು, ಮಗು ಜಾರಿ ಅಂಗಳಕ್ಕೆ ಬಿತ್ತು. ಹುಲ್ಲಿನ ಹೊರೆ ಇದ್ದ ಜಾಗ, ಪೆಟ್ಟಾಗಲಿಲ್ಲ. ಆದರೂ ಹೆದರಿ ಅತ್ತಳು. ಸವಿತ ಓಡಿಬಂದು ಎತ್ತಿಕೊಂಡು ಒಳಗೆ ಹೋದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರನೇ ದಿನದಿಂದ ಮಗುವೇ ನನ್ನ ಹತ್ತಿರ ಬರುವಾಗ ಎರಡು ಹೆಜ್ಜೆ ದೂರದಲ್ಲಿ ನಿಲ್ಲುತ್ತಿತ್ತು. ಲೋಕೇಶ ನನ್ನ ಮುಖ ನೋಡಿ ಹಾಲಿನ ವ್ಯಾನಿಗೆ ಬೇರೆಯವನನ್ನು ಹಾಕಿ, "ನಡಿಯಪ್ಪ ಮೈಸೂರಿಗೆ, ಏನಾದ್ರೂ ಆಗ್ಲಿ, ದೊಡ್ಡಾಸ್ಪತ್ರೇಲಿ ತೋರ್ಸನ" ಎಂದ.

ದೊಡ್ಡಾಸ್ಪತ್ರೆಯ ಬೆಂಚುಗಳ ಬಗ್ಗೆ ನಾನು ಯಾರಿಗೂ ಪಾಠ ಹೇಳಬಲ್ಲೆ. ಯಾವುದು ಅಲ್ಲಾಡುತ್ತದೆ, ಯಾವುದರ ಮೇಲೆ ಫ್ಯಾನು ತಿರುಗುತ್ತದೆ, ಚೀಟಿ ಕರೆಯುವವನು ಯಾವ ಬಾಗಿಲಿಗೆ ಬಂದು ಕೂಗುತ್ತಾನೆ. ಮೂರು ದಿನ ಹೋದೆವು. ಎರಡನೇ ದಿನ ಲೋಕೇಶ ರಕ್ತದ ಚೀಟಿ ಹಿಡಿದು ಎಲ್ಲೋ ಹೋಗಿದ್ದ, ಜಯಮ್ಮನೂ ಇರಲಿಲ್ಲ. ತೊಡೆಯ ಮೇಲೆ ಇಡ್ಲಿ ಪೊಟ್ಟಣ. ಎಡಗೈಯಲ್ಲಿ ದಾರ ಬಿಚ್ಚಲು ಒದ್ದಾಡುತ್ತಿದ್ದೆ. ಪಕ್ಕದಲ್ಲಿ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡ ಹಂಪಾಪುರದ ರೈತನೊಬ್ಬ ಕೂತಿದ್ದ. ಪೊಟ್ಟಣ ತಗೊಂಡು ಬಿಚ್ಚಿ, ಇಡ್ಲಿ ಮುರಿದು ಚಟ್ನಿಗೆ ಅದ್ದಿ ನನ್ನ ಬಾಯಿಗಿಟ್ಟ.

"ನಿಂಗೆ ಕೈಯಿಲ್ಲ, ನಂಗೆ ಕಾಲಿಲ್ಲ. ಇಬ್ರೂ ಸೇರುದ್ರೆ ಒಬ್ಬ ಆಳಾಗ್ತೀವಿ, ತಿನ್ನು ಯಜಮಾನ" ಎಂದ. ಅವನ ಹೆಸರು ಕೇಳಲಿಲ್ಲ. ದಿನಾ ನೆನೆಸಿಕೊಳ್ಳುತ್ತೇನೆ.

ಮೂರನೇ ದಿನ ಹೊಟ್ಟೆಗೆ ಎಕ್ಸ್‌ರೇ ತೆಗೆದರು. ತೆಗೆಯುವವನು ಹೊರಗೆ ಬಂದು "ಜೇಬಲ್ಲಿ ಏನಿಟ್ಕೊಂಡಿದೀರಿ? ಗುಂಡಿ ಪಂಡಿ ಎಲ್ಲ ಬಿಚ್ಚಿ" ಎಂದು ಎರಡನೇ ಸಲ ತೆಗೆದ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಮ್ಮ ಸವಿತನಿಗಿಂತ ಎರಡು ವರ್ಷ ದೊಡ್ಡವರಿರಬಹುದು. ಚಿತ್ರವನ್ನು ದೀಪಕ್ಕೆ ಹಿಡಿದು ತುಂಬ ಹೊತ್ತು ನೋಡಿದರು. ಹೊಟ್ಟೆಯ ಬಲಗಡೆ ಕೆಳಗೆ ಏಳು ಬಿಳೀ ಚುಕ್ಕಿ.

"ಇವರಿಗೆ ಯಾವಾಗಾದ್ರೂ ಯಾರಾದ್ರೂ ಗುಂಡು ಹೊಡೆದಿದ್ರಾ?"

ಜಯಮ್ಮ ಮೂಗಿನ ಮೇಲೆ ಬೆರಳಿಟ್ಟಳು. "ಅಯ್ಯೋ, ಒಡೆಯೋರೇ ಇವ್ರು ಕಣವ್ವ. ಇವ್ರಿಗೆ ಯಾರ್ ಒಡೆದಾರು?"

ನನಗೆ ಆ ಚುಕ್ಕಿಗಳ ಗುರುತು ಸಿಕ್ಕಿಬಿಟ್ಟಿತ್ತು. ನಾನೇ ಎರೆದು ನಾನೇ ನುಂಗಿದ ಗುಂಡು ನನಗೆ ಗೊತ್ತಾಗದೇ? ಬಾಯಿ ಬಿಡಲಿಲ್ಲ. ಬಿಡುವ ಹಾಗೂ ಇರಲಿಲ್ಲ. ಡಾಕ್ಟರಮ್ಮ ಟಾರ್ಚು ತಗೊಂಡು "ಅಜ್ಜ, ಆ ಅನ್ನಿ" ಎಂದರು. ವಸಡು ನೋಡಿದರು. ಹಲ್ಲಿನ ಬುಡದಲ್ಲಿ ನೀಲಿ ಗೆರೆ ಇದೆ ಎಂದರು. ಆಮೇಲೆ ಟಾರ್ಚು ಕೆನ್ನೆಯ ಕಡೆ ತಿರುಗಿತು.

"ಅದೇನು ಒಳಗಡೆ?"

ಮೇಜಿನ ಮೇಲಿದ್ದ ತಟ್ಟೆಗೆ ಉಗಿದೆ. ಟಣ್ ಎಂದಿತು. ಜಯಮ್ಮ, ಲೋಕೇಶ, ನರ್ಸಮ್ಮ, ಎಲ್ಲರೂ ಆ ಗುಂಡನ್ನು ನೋಡುತ್ತಾ ನಿಂತರು.

ಸೀಸ ವಿಷ, ಅದು ರಕ್ತಕ್ಕೆ ಸೇರಿ ಹೊಟ್ಟೆಯನ್ನೂ ನರವನ್ನೂ ಹಿಡಿದಿದೆ, ಇದು ಲಕ್ವ ಅಲ್ಲ, ಕೈ ನಿಧಾನಕ್ಕೆ ಸರಿಹೋಗಬಹುದು ಎಂದರು. ಸರಿಹೋಗಬಹುದು ಎನ್ನುವ ಮಾತಿಗೆ ಲೋಕೇಶ ಅತ್ತುಬಿಟ್ಟ. ನಾನೂ ಅಳುವವನಿದ್ದೆ. ಅಷ್ಟರಲ್ಲಿ ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ಕೇಳಿದರು.

"ಮನೇಲಿ ಚಿಕ್ಕ ಮಕ್ಕಳಿದ್ದಾರಾ?"

ಮುತ್ತು, ಜಗಿದ ಹುರಿಗಡಲೆ, ತೊಡೆ ಮೇಲಿನ "ಬೆಳ್ಳಿ ಬೆಳ್ಳಿ", ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ನನ್ನ ಕಾಯಿಲೆಯ ಕತೆ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಅಲ್ಲಿಂದ ಮುಂದೆ ನನಗೆ ಬೇಕಾಗಿದ್ದದ್ದು ಒಂದೇ. ಮಗುವಿನ ರಕ್ತ ನೋಡಿ ಯಾರಾದರೂ "ಏನೂ ಇಲ್ಲ" ಅನ್ನಬೇಕು.

ನನ್ನನ್ನು ದಾಖಲು ಮಾಡಿಕೊಂಡರು. ಮಾರನೇ ದಿನ ಸವಿತ ಗಾನವಿಯನ್ನು ಕರೆತಂದಳು. ಅಷ್ಟು ಸಣ್ಣ ಕೈಯಲ್ಲಿ ನರ ಸಿಗಬೇಕಲ್ಲ. ಮೂರು ಸಲ ಚುಚ್ಚಿದರು. ನಾಲ್ಕು ಬಾಗಿಲು ದಾಟಿ ನನ್ನ ಮಂಚಕ್ಕೆ ಅವಳ ಕೂಗು ಕೇಳಿಸಿತು. "ತಾತ, ಬಾ" ಎಂದು ನನ್ನನ್ನೇ ಕರೆಯುತ್ತಿದ್ದಳು. ಎಡಗೈಗೆ ಡ್ರಿಪ್ಪು, ಬಲಗೈ ಹೀಗೆ. ಕಿವಿ ಮುಚ್ಚಿಕೊಳ್ಳುವುದಕ್ಕೂ ಕೈ ಇರಲಿಲ್ಲ.

ಆ ರಕ್ತ ಬೆಂಗಳೂರಿಗೆ ಹೋಗಿ ಬರಬೇಕಂತೆ, ಒಂದು ವಾರ. ನನಗೆ ಕೊಟ್ಟ ಗುಳಿಗೆ ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು, ಮೈಯಿಂದಲೂ ಅದೇ ವಾಸನೆ. ಕರುಳು ತೊಳೆದರು, ಏಳರಲ್ಲಿ ಐದು ಗುಂಡು ಆಚೆ ಬಂತು. ಯಾವುದರಿಂದಲೂ ನನಗೆ ಖುಷಿಯಿಲ್ಲ. ಊಟಕ್ಕೆ ಮೊದಲು ಒಂದು ಸಲ, ಊಟ ಆದ ಮೇಲೆ ಒಂದು ಸಲ ನರ್ಸಮ್ಮನನ್ನು ಕೇಳುವುದು, "ಮಗೀದು ಬಂತಾ ತಾಯಿ?" ಅವರು ಬೇಸರಪಡದೆ "ಇನ್ನೂ ಇಲ್ಲ ತಾತ, ಬಂದ್ರೆ ಓಡಿಬಂದು ನಿಮಗೇ ಮೊದಲು ಹೇಳ್ತೀನಿ" ಅನ್ನುತ್ತಿದ್ದರು. ದಿನಕ್ಕೆ ಎಷ್ಟು ಸಲ ಕೇಳಿದರೂ ಅದೇ ಉತ್ತರ, ಅದೇ ದನಿ.

ಅಜೀಜ್ ಸಾಬರು ಹುಣಸೂರಿನಿಂದ ಬಸ್ಸು ಹಿಡಿದು ನೋಡಲು ಬಂದರು. ಕಿತ್ತಳೆ ಹಣ್ಣು ಸುಲಿದು ಕೊಡುತ್ತಾ, "ನಾನು ಚೀಲ ಕಟ್ಕೊಳ್ರಿ ಅಂದಿದ್ದು ಗುಂಡು ನುಂಗ್ಬಿಡ್ತೀರಾ ಅಂತ. ವಿಷ ಅಂತ ನನಗೂ ಗೊತ್ತಿರ್ಲಿಲ್ಲ ಗೌಡ್ರೆ. ಗೊತ್ತಿದ್ರೆ ಬಾಯಿಗೆ ಬೀಗ ಹಾಕ್ತಿದ್ದೆ, ಅಲ್ಲಾಣೆ" ಎಂದರು.

ಐದನೇ ದಿನ ಸವಿತ ಒಬ್ಬಳೇ ಬಂದಳು. ಮಂಚದ ಕಾಲಬುಡದಲ್ಲಿ ನಿಂತಳು. ಈಗ ಬೈಯುತ್ತಾಳೆ, ಬೈಯಲಿ ಎಂದುಕೊಂಡೆ.

"ಮಾವ, ಹೊಗೆಸೊಪ್ಪು ಬಿಡಿಸಿದ್ದು ನಾನಲ್ವಾ. ನಾನು ಬಿಡಿಸದೆ ಇದ್ದಿದ್ರೆ ನೀವು ಇದನ್ನ ಬಾಯಿಗೆ ಹಾಕ್ಕೊತಿದ್ರಾ?"

ಆ ಹುಡುಗಿ ಐದು ದಿನದಿಂದ ಅದನ್ನು ಹೊತ್ತುಕೊಂಡು ಓಡಾಡಿದ್ದಳು. ನಾನು ನನ್ನದನ್ನು. ಒಂದೇ ಮನೆಯಲ್ಲಿ ಇಬ್ಬರು ಅಪರಾಧಿಗಳು, ಒಬ್ಬರಿಗೊಬ್ಬರು ಮುಖ ತಪ್ಪಿಸಿಕೊಂಡು.

"ನೀನು ಬಿಡು ಅಂದೆ, ನಾನು ಬುಟ್ಟೆ. ಇದ್ನ ಬಾಯಲ್ಲಿ ಮಡಿಕೊ ಅಂತ ನೀನೇನಾದ್ರೂ ಅಂದ್ಯಾ? ಸುಮ್ಕಿರವ್ವ" ಎಂದೆ. ಅವಳು ಕೂತಳು. ಜೋತುಬಿದ್ದ ನನ್ನ ಬಲಗೈಯನ್ನು ಎತ್ತಿ ತನ್ನ ಅಂಗೈ ಮೇಲೆ ಇಟ್ಟುಕೊಂಡಳು.

ಎಂಟನೇ ದಿನ ನರ್ಸಮ್ಮ ನಿಜವಾಗಿ ಓಡಿಬಂದರು. ಹಿಂದೆ ಡಾಕ್ಟರಮ್ಮ. "ಏನೂ ಇಲ್ಲ" ಅನ್ನಲಿಲ್ಲ ಅವರು.

"ಇದೆ ಅಜ್ಜ, ಸ್ವಲ್ಪ ಇದೆ. ಔಷಧ ಕೊಡೋವಷ್ಟಿಲ್ಲ. ಮನೆ ತೊಳೀಲಿ, ಸೀಸ ಆಚೆ ಹೋಗ್ಲಿ. ಮೂರು ತಿಂಗಳಿಗೆ ಮತ್ತೆ ನೋಡೋಣ. ಇಳೀಬೇಕು."

ಆ ಮೂರು ತಿಂಗಳು ನಾನು ಬದುಕಿದ್ದೆ ಎನ್ನುವುದಕ್ಕಿಂತ ಕಾದಿದ್ದೆ. ಲೋಕೇಶ ಬಚ್ಚಲೊಲೆ ಕಿತ್ತು ಹೊಸದು ಹಾಕಿಸಿದ. ಸೀಸದ ಗಟ್ಟಿ, ಎರಕದ ಅಚ್ಚು ಎಲ್ಲವನ್ನೂ ಡಬ್ಬಿಗೆ ಹಾಕಿ ಸಾಬರ ಅಂಗಡಿಗೆ ಕಳಿಸಿದೆವು. ಜಯಮ್ಮ ಸಗಣಿ ನೆಲ, ಸಿಮೆಂಟು ನೆಲ ಎಲ್ಲ ತಿಕ್ಕಿ ತಿಕ್ಕಿ ಮಂಡಿ ಊದಿಸಿಕೊಂಡಳು. ನಾನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಮಗು ಸ್ವಲ್ಪ ಮಂಕಾಗಿ ಕೂತರೆ ಸವಿತನನ್ನು ಕೂಗಿ ಕರೆಯುತ್ತಿದ್ದೆ. ಊಟ ಬೇಡ ಅಂದರೆ ನನಗೂ ಬೇಡ. ಡಾಕ್ಟರಮ್ಮ ಟಾರ್ಚು ಹಿಡಿದದ್ದನ್ನು ಜಯಮ್ಮ ಹೇಳಿ ನಗಿಸಿದ್ದಳು. ಅವತ್ತಿನಿಂದ ಗಾನವಿಗೆ ಅದೇ ಆಟ. ಎರಡು ಹೆಜ್ಜೆ ದೂರ ನಿಲ್ಲುತ್ತಿದ್ದವಳು ದಿನಾ ಬೆಳಿಗ್ಗೆ ಹತ್ತಿರ ಬಂದು "ತಾತ, ಆ ಅನ್ನು" ಅನ್ನುವುದು, ಒಳಗೆ ಇಣುಕುವುದು.

ಮೂರು ತಿಂಗಳು ಕಳೆದು ಮತ್ತೆ ರಕ್ತ ತೆಗೆದರು. ಲೋಕೇಶ ಮೈಸೂರಿನಿಂದ ಫೋನು ಮಾಡಿದ. ಜಯಮ್ಮ ಸ್ಪೀಕರು ಒತ್ತಿ ನನ್ನ ಕಿವಿಗೆ ಹಿಡಿದಳು.

"ಅಪ್ಪಾ, ಇಳ್ದದೆ ಕಣಪ್ಪ! ಅರ್ಧಕ್ಕಿಂತ ಕಮ್ಮಿ ಆಗದೆ. ಇನ್ನ ಯೋಚ್ನೆ ಇಲ್ಲ ಅಂದ್ರು, ಯೋಚ್ನೆ ಇಲ್ಲ ಅಂದ್ರು!"

ಇಳಿದಿದೆ. ಇಳಿದಿದೆ. ಎರಡು ಸಲ ಬರೆದಿದ್ದೇನೆ, ಸವಿತ ತಿದ್ದಬಾರದು. ಬೀದಿಗೆ ಹೋಗಿ ಕಂಡವರಿಗೆಲ್ಲ ಹೇಳಿದೆ. ಏನು ಇಳಿಯಿತು ಎಂದು ಅವರಿಗೆ ಗೊತ್ತಿಲ್ಲ, ಆದರೂ ನಕ್ಕರು.

ನನ್ನ ಕೈ ಅದರ ಪಾಡಿಗೆ ಅದು ಬೆರಳಗಲ ಬೆರಳಗಲ ಎದ್ದಿತು. ಪೂರ್ತಿ ಬಂದಿಲ್ಲ, ಗಜ ಜಡಿಯುವಷ್ಟು ಇನ್ನು ಬರುವುದೂ ಇಲ್ಲವಂತೆ. ಎರಡು ಗುಂಡು ಇನ್ನೂ ಒಳಗೇ ಕೂತಿವೆ, ರಕ್ತ ನೋಡುತ್ತಾ ಇರೋಣ ಎಂದಿದ್ದಾರೆ ಡಾಕ್ಟರಮ್ಮ. ಇರಲಿ.

ಈ ವರ್ಷ ತೆಂಗಿನಕಾಯಿ ಆಟಕ್ಕೆ ಹೋದೆ, ಹೊಡೆಯುವುದಕ್ಕಲ್ಲ. ಸಾಬರು ಬಟ್ಟೆ ಚೀಲ ಹೊಲಿಸಿ ತಂದಿದ್ದರು, ಒಬ್ಬೊಬ್ಬರಿಗೂ ಒಂದು. ತಮಟೆಯವನಿಗೆ ಸ್ವಲ್ಪ ಜಾಸ್ತಿ ಹೊತ್ತು ಬಡಿ ಎಂದು ಹೇಳಿ ಒಪ್ಪಿಸಿದೆವು. ಸಾಲಿನ ತುದಿಯಲ್ಲಿ ನಾನು ನಿಂತೆ. ಬಲಗೈ ಮೇಲೆ ಗಾನವಿ, ಕೆಳಗೆ ಎಡಗೈ ಆಸರೆ. ಕೋವಿ ಹಿಡಿದು ಬಂದ ಪ್ರತಿಯೊಬ್ಬನೂ ನನ್ನ ಮುಂದೆ ಬಾಯಿ ತೆರೆದು ತೋರಿಸಿ ಮುಂದೆ ಹೋಗಬೇಕು.

"ಗೌಡ್ರು ಹಲ್ ಡಾಕ್ಟ್ರಾಗವ್ರೆ ಕಣ್ಲಾ!" ಎಂದ ಒಬ್ಬ.

"ಮುಚ್ಚಬ್ಯಾಡ, ತೆಗಿ ಬಾಯಾ" ಎಂದೆ.

ಇಬ್ಬರ ಕೆನ್ನೆಯಿಂದ ಗುಂಡು ಉಗಿಸಿದೆ. ಕೊನೆಯವನೂ ದಾಟಿದ. ತಮಟೆಯವನು ಕೋಲೆತ್ತಿದ್ದ. ಗಾನವಿ ನನ್ನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು.

"ತಾತ, ನೀನು. ಆ ಅನ್ನು."

ಅಷ್ಟು ಜನದ ಮುಂದೆ ತೆರೆದೆ. ಬೆರಳು ಹಾಕಿ ಎಡಗೆನ್ನೆ ನೋಡಿದಳು, ಬಲಗೆನ್ನೆ ನೋಡಿದಳು, ನಾಲಿಗೆ ಎತ್ತಿಸಿ ಅಡಿಯಲ್ಲೂ ನೋಡಿದಳು. ಆಮೇಲೆ ಗೋಮಾಳಕ್ಕೆಲ್ಲ ಕೇಳುವ ಹಾಗೆ ಕೂಗಿದಳು.

"ಏನೂ ಇಲ್ಲ!"

ತಮಟೆ ಶುರುವಾಯಿತು.